ಏಕವಚನದಲ್ಲಿ ಸಿಕ್ಕಿಬಿದ್ದ ಕೊಲೆಗಾರ

ಕೊಲೆ ಮಾಡಿದವರು ಯಾರೆಂದು ಮೊದಲೇ ತಿಳಿಸಿಬಿಡುವ ಕತೆಗಳ ಪಕ್ಷ ನನ್ನದು. ಇದು ಮೊದಲಿನಿಂದ ಇದ್ದ ರುಚಿಯಲ್ಲ. ಕಳೆದ ಬೇಸಿಗೆಯಲ್ಲಿ 280 ರೂಪಾಯಿ ಕೊಟ್ಟು ಕೊಂಡ ಒಂದು ಕನ್ನಡ ಅನುವಾದ ನನ್ನನ್ನು ಈ ಕಡೆ ತಳ್ಳಿತು.

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಔಷಧಿ ಅಂಗಡಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಬಿಸಿಲಿಗೆ ಹೆದರಿ ವ್ಯಾಪಾರ ಅರ್ಧಕ್ಕಿಳಿಯುತ್ತದೆ. ಆದರೂ ಓಆರ್‌ಎಸ್ ಪೊಟ್ಟಣ ಕೇಳಿಕೊಂಡು ಯಾರಾದರೂ ಬರುತ್ತಲೇ ಇರುತ್ತಾರೆ. ನನ್ನ ಓದು ಎರಡು ಪೊಟ್ಟಣಗಳ ನಡುವಿನ ಓದು. ಮಂಚದ ಮೇಲೆ ಕಾಲು ಚಾಚಿ ಒಂದೇ ಉಸಿರಿಗೆ ಓದುವವರ ತೀರ್ಪು ಬೇರೆ ಇದ್ದೀತು.

ಓದಿ ನೋಡಿದ್ದು ಮೂರು ಬಗೆ: ಒಂದೇ ಸೂರಿನಡಿ ಸಿಕ್ಕಿಕೊಂಡ ಹತ್ತಾರು ಜನರಲ್ಲಿ ಒಬ್ಬರು ಕೊಲೆಗಾರರಾಗಿರುವ ಕತೆ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೆಣ ಸಿಗುವ ಕತೆ, ಮತ್ತು ಕೊಲೆಯನ್ನು ನಮ್ಮ ಕಣ್ಣೆದುರೇ ಮಾಡಿಸಿ ಆಮೇಲೆ ಪತ್ತೇದಾರನನ್ನು ಕರೆತರುವ ತಲೆಕೆಳಗಿನ ಕತೆ.

ಚಿಲಕದ ಕೋಣೆಯನ್ನು ಬೇಗ ಮುಗಿಸುತ್ತೇನೆ. ಎಡ್ಗರ್ ಆಲನ್ ಪೋ 1841ರಲ್ಲಿ ಬರೆದ ಪ್ಯಾರಿಸ್ ಕತೆಯಲ್ಲೇ ಈ ಒಗಟು ಇದೆ. ಜಾನ್ ಡಿಕ್ಸನ್ ಕಾರ್ 1935ರ ‘ದಿ ಹಾಲೋ ಮ್ಯಾನ್’ನಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಬಿಟ್ಟುಕೊಟ್ಟಿದ್ದಾರೆ. ಪತ್ತೇದಾರ ಡಾ. ಗಿಡಿಯನ್ ಫೆಲ್, ತಾವೆಲ್ಲ ಪತ್ತೇದಾರಿ ಕತೆಯೊಳಗೇ ಇದ್ದೇವೆ ಎಂದು ಒಪ್ಪಿಕೊಂಡು, ಮುಚ್ಚಿದ ಕೋಣೆಯಲ್ಲಿ ಕೊಲ್ಲುವ ದಾರಿಗಳನ್ನು ಮೇಷ್ಟರಂತೆ ಪಾಠ ಮಾಡುತ್ತಾರೆ. ಆ ಒಂದು ಅಧ್ಯಾಯಕ್ಕೇ ಹಳೆಯ ಪ್ರತಿಗೆ ಕೊಟ್ಟ ದುಡ್ಡು ಹುಟ್ಟಿತು. ಉಳಿದ ಕಡೆ ಯಾರು ಎಷ್ಟು ಹೊತ್ತಿಗೆ ಎಲ್ಲಿ ನಿಂತಿದ್ದರು, ಹಿಮದ ಮೇಲೆ ಹೆಜ್ಜೆ ಏಕಿಲ್ಲ ಎಂಬುದೆಲ್ಲ ಗಿರಾಕಿಗೆ ಚಿಲ್ಲರೆ ಎಣಿಸಿ ಬರುವಷ್ಟರಲ್ಲಿ ಕಲಸಿಹೋಗುತ್ತದೆ. ಮೂರು ಸಲ ಹಿಂದಿನ ಪುಟಗಳಿಗೆ ಹೋಗಿಬಂದೆ, ನಾಲ್ಕನೆಯ ಸಲ ಪುಸ್ತಕವನ್ನು ಕಪಾಟಿಗೆ ಸೇರಿಸಿದೆ.

ಒಂದೇ ಸೂರಿನ ಕತೆಗೆ ಅಗಾಥಾ ಕ್ರಿಸ್ಟಿಯವರೇ ಒಡತಿ, ಮತ್ತು ಅವರ ಮೇಲೆ ನನಗೆ ವೃತ್ತಿಯ ಅಭಿಮಾನವೂ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದ್ದರು. 1920ರಲ್ಲಿ ಬಂದ ಮೊದಲ ಕಾದಂಬರಿಯಲ್ಲಿ ಅವರು ಸ್ಟ್ರಿಕ್ನಿನ್ ವಿಷವನ್ನು ಬಳಸಿಕೊಂಡ ರೀತಿಯನ್ನು ಔಷಧ ವೃತ್ತಿಯವರ ಪತ್ರಿಕೆಯೇ ಮೆಚ್ಚಿ ಬರೆದಿತ್ತು. ಕಾದಂಬರಿಕಾರರಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇದೆ ಎಂದು ನನಗನ್ನಿಸುವುದಿಲ್ಲ. 1934ರಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ರೈಲು, 1937ರಲ್ಲಿ ನೈಲ್ ನದಿಯ ಹಡಗು, 1939ರಲ್ಲಿ ದ್ವೀಪ: ಜಾಗ ಯಾವುದಾದರೂ ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಹೋಗುವಂತಿಲ್ಲ. ಹಾಗಾಗಿ ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತಿರುವವರನ್ನೇ ಅನುಮಾನಿಸಬೇಕು. ಆಸ್ತಿ, ಹಳೆಯ ಪಾಪ, ಮರ್ಯಾದೆಯ ಭಯ ಇವೇ ಕಾರಣಗಳು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿರುವುದನ್ನು ಕಂಡವರಿಗೆ ಆ ಇಂಗ್ಲಿಷ್ ಬಂಗಲೆಗಳು ಅಷ್ಟೇನೂ ದೂರವಲ್ಲ.

ಈಗ ಆ ಅನುವಾದದ ವಿಷಯ. ಅದೂ ಇದೇ ಬಗೆಯ ಹಳೆಯ ಇಂಗ್ಲಿಷ್ ಕಾದಂಬರಿ. ಪುಸ್ತಕದ ಹೆಸರು ಹೇಳುವುದಿಲ್ಲ. ಹೇಳಿದರೆ ಅನುವಾದಕರು ಮಾಡಿದ ತಪ್ಪನ್ನೇ ನಾನೂ ಮಾಡಿದಂತಾಗುತ್ತದೆ. ನಾನು ಅರ್ಧ ಓದಿಟ್ಟಿದ್ದ ಪುಸ್ತಕವನ್ನು ಅತ್ತಿಗೆ ಮನೆಯಲ್ಲಿ ಎತ್ತಿಕೊಂಡರು. ಅವರು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಾರೆ. ಅರವತ್ತನೆಯ ಪುಟ ದಾಟಿರಲಿಲ್ಲ, ಒಂದು ಹೆಸರಿನ ಮೇಲೆ ಬೆರಳಿಟ್ಟು “ಇವನೇ ತಾನೇ?” ಎಂದರು. ಕೊನೆಯ ಪುಟ ನೋಡಿದಿರಾ ಎಂದು ಕೇಳಿದೆ. “ನೋಡುವುದೇಕೆ? ಮನೆಯಲ್ಲಿರುವ ಗಂಡಸರೆಲ್ಲ ‘ಬಂದರು’, ‘ಕುಳಿತರು’. ಇವನೊಬ್ಬ ಮಾತ್ರ ‘ಬಂದ’, ‘ಕುಳಿತ’. ಅನುವಾದ ಮಾಡಿದವರಿಗೆ ಇವನ ಮೇಲೆ ಮೊದಲೇ ಸಿಟ್ಟು ಬಂದಿದೆ” ಎಂದರು.

ಪುಸ್ತಕ ಕಸಿದುಕೊಂಡು ನೋಡಿದೆ. ನಿಜ. ಕರ್ನಲ್ ಸಾಹೇಬರು, ವಕೀಲರು, ಪಾದ್ರಿಗಳು, ಕೊನೆಗೆ ಮನೆಯ ಅಡುಗೆಯವರಿಗೂ ಬಹುವಚನ. ಈ ಒಬ್ಬ ಸಭ್ಯ ಗೃಹಸ್ಥನಿಗೆ ಮಾತ್ರ, ಅವನಿನ್ನೂ ಯಾವ ತಪ್ಪನ್ನೂ ಮಾಡಿಲ್ಲ ಎಂದು ನಾವು ನಂಬಿರುವ ಹೊತ್ತಿನಲ್ಲೇ, ಏಕವಚನ. ಇಂಗ್ಲಿಷ್‌ನಲ್ಲಿ ಕೊಲೆಗಾರನಿಗೂ ಪಾದ್ರಿಗೂ ಒಂದೇ ಸರ್ವನಾಮ, ಒಂದೇ ಕ್ರಿಯಾಪದ. ಕನ್ನಡದಲ್ಲಿ ಬಾಯಿ ತೆರೆದರೆ ಸಾಕು, ಗಂಡೋ ಹೆಣ್ಣೋ, ದೊಡ್ಡವರೋ ಚಿಕ್ಕವರೋ, ಬೇಕಾದವರೋ ಬೇಡವಾದವರೋ ಎಂಬುದೆಲ್ಲ ಕ್ರಿಯಾಪದದ ಬಾಲದಲ್ಲಿ ನೇತಾಡುತ್ತದೆ. ಕೊನೆ ಗೊತ್ತಿದ್ದೇ ಅನುವಾದಕ್ಕೆ ಕುಳಿತವರ ಕೈ, ಅವರಿಗೇ ತಿಳಿಯದಂತೆ, ಸತ್ಯ ನುಡಿದುಬಿಟ್ಟಿದೆ.

ಇನ್ನೊಂದು ಕಡೆ ಇದಕ್ಕಿಂತ ಕೆಟ್ಟದ್ದು. ರಾತ್ರಿ ಕತ್ತಲಲ್ಲಿ ಯಾರೋ ಮೆಟ್ಟಿಲಿಳಿಯುತ್ತಾರೆ. ಗಂಡೋ ಹೆಣ್ಣೋ ತಿಳಿಯಬಾರದು, ಆ ದೃಶ್ಯ ಇರುವುದೇ ಅದಕ್ಕಾಗಿ. ಅನುವಾದದಲ್ಲಿ “ಮೆಲ್ಲನೆ ಇಳಿದುಹೋದನು” ಎಂದಿದೆ. ಒಂದು ‘ನು’ ಅಕ್ಷರದಿಂದ ಮನೆಯ ಹೆಂಗಸರೆಲ್ಲ ನಿರಪರಾಧಿಗಳಾದರು! ತಪ್ಪಿಸಿಕೊಳ್ಳಲು ಕನ್ನಡದಲ್ಲಿ ದಾರಿ ಇಲ್ಲವೆಂದಲ್ಲ. ‘ಯಾರೋ ಇಳಿದುಹೋದರು’ ಎನ್ನಬಹುದಿತ್ತು. ‘ಆಕೃತಿಯೊಂದು ಇಳಿದುಹೋಯಿತು’ ಎಂದು ನಪುಂಸಕಲಿಂಗದ ಮೊರೆ ಹೋಗಬಹುದಿತ್ತು. ತಂದೆಯವರ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಕಾದಂಬರಿಗಳಿದ್ದವು, ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಬೆಳೆದ ನಮಗೆ ‘ಕಪ್ಪು ಆಕೃತಿ’ ಹೊಸದೇನಲ್ಲ.

ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಪತ್ತೇದಾರಿ ಕತೆಗೆ ಹತ್ತು ಕಟ್ಟಳೆ ಬರೆದಿಟ್ಟರು. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗರಿಂದ ಮುಚ್ಚಿಡಬಾರದು ಎಂಬುದು ಅವುಗಳಲ್ಲೊಂದು. ನಮ್ಮ ಅನುವಾದಕರು ಪತ್ತೇದಾರನಿಗೂ ಸಿಗದ ಸುಳಿವನ್ನು ಓದುಗರಿಗೆ ಕೊಟ್ಟಿದ್ದಾರೆ.

ಈ ಸಿಟ್ಟಿನಲ್ಲೇ ತಲೆಕೆಳಗಿನ ಕತೆಗಳಿಗೆ ಬಂದೆ. ಹೆಸರು ಬಯಲಾದರೆ ಹಾಳಾಗುವಂಥದ್ದೇನೂ ಅಲ್ಲಿರುವುದಿಲ್ಲ. ವೈದ್ಯರೂ ಆಗಿದ್ದ ಆರ್. ಆಸ್ಟಿನ್ ಫ್ರೀಮನ್ 1912ರ ‘ದಿ ಸಿಂಗಿಂಗ್ ಬೋನ್’ ಸಂಕಲನದಲ್ಲಿ ಈ ತಂತ್ರವನ್ನು ಪ್ರಯೋಗಿಸಿದರು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಮೊಬೈಲ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಸ್ವಲ್ಪ ಹಳೆಯದು, ನನ್ನಂಥವರು ನಿಧಾನವಾಗಿ ಓದಬೇಕು. ಮೊದಲ ಕತೆಯಲ್ಲಿ ಸೈಲಸ್ ಹಿಕ್ಲರ್ ಎಂಬವನು ರೈಲಿಗೆ ಹೊರಟಿದ್ದ ವಜ್ರದ ವ್ಯಾಪಾರಿ ಆಸ್ಕರ್ ಬ್ರಾಡ್‌ಸ್ಕಿಯನ್ನು ತನ್ನ ಮನೆಯಲ್ಲೇ ಕೊಂದು, ಹೆಣವನ್ನು ಹಳಿಯ ಮೇಲೆ ಮಲಗಿಸುತ್ತಾನೆ. ತುಳಿತಕ್ಕೆ ಒಡೆದ ಕನ್ನಡಕದ ಗಾಜನ್ನೂ ಆರಿಸಿಕೊಂಡು ಹೋಗಿ ಅಲ್ಲೇ ಚೆಲ್ಲುತ್ತಾನೆ. ಮನೆಗೆ ಮರಳಿದರೆ ಸತ್ತವನ ಟೋಪಿ ಅಲ್ಲೇ ಇದೆ. ಕತೆಯ ಎರಡನೆಯ ಭಾಗದಲ್ಲಿ ಪತ್ತೇದಾರ ಡಾ. ಥಾರ್ನ್‌ಡೈಕ್ ತಮ್ಮ ಪುಟ್ಟ ಹಸಿರು ಪೆಟ್ಟಿಗೆಯೊಂದಿಗೆ ಬಂದು ಆ ಗಾಜಿನ ಚೂರುಗಳನ್ನು ಜೋಡಿಸಲು ಕೂರುತ್ತಾರೆ.

ಇಲ್ಲಿ ನನ್ನ ಎದೆ ಹೊಡೆದುಕೊಂಡದ್ದು ಬೇರೆ ಯಾವ ಬಗೆಯಲ್ಲೂ ಆಗಿರಲಿಲ್ಲ. ಅಂಗಡಿಯಲ್ಲಿ ಕೆಮ್ಮಿನ ಔಷಧಿಯ ಸೀಸೆ ಒಡೆದಾಗ ಎರಡು ಸಲ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಮೂರನೆಯ ದಿನ ಕೌಂಟರಿನ ಕೆಳಗೆ ಚೂರೊಂದು ಮಿನುಗುತ್ತದೆ. ಗಾಜು ಪೂರ್ತಿಯಾಗಿ ಹೋಗುವುದಿಲ್ಲ ಎಂದು ನನಗೆ ಗೊತ್ತು, ಸೈಲಸ್‌ಗೆ ಗೊತ್ತಿಲ್ಲ. ಅಂಗಡಿಯ ಹಿಂದೆ ಸ್ಟೇಷನ್ನಿನಲ್ಲಿ ಗೂಡ್ಸ್ ರೈಲೊಂದು ಹಾದುಹೋಗುತ್ತಿದ್ದಾಗ ಆ ಪುಟ ಓದಿದೆ. ಗಿರಾಕಿ ಎರಡು ಸಲ ಕರೆದದ್ದು ಕೇಳಿಸಲೇ ಇಲ್ಲ. ಮತ್ತೆ ಓದಲು ಕುಳಿತಾಗ ಯಾರು ಯಾರ ಸೋದರಳಿಯ ಎಂದು ನೆನಪಿಸಿಕೊಳ್ಳುವ ಗೋಳೂ ಇರಲಿಲ್ಲ. ಒಬ್ಬ ಮನುಷ್ಯ, ಒಂದು ತಪ್ಪು.

ಕಾದಂಬರಿಯ ಅಳತೆಯಲ್ಲಿ ಬೇಕೆಂದರೆ ಫ್ರಾನ್ಸಿಸ್ ಐಲ್ಸ್ ಎಂಬ ಹೆಸರಿನಲ್ಲಿ ಆಂಥನಿ ಬರ್ಕ್ಲಿ ಕಾಕ್ಸ್ ಬರೆದ 1931ರ ‘ಮ್ಯಾಲಿಸ್ ಅಫೋರ್‌ಥಾಟ್’ ಇದೆ. ಹೆಂಡತಿಯನ್ನು ಕೊಲ್ಲಲು ಹಳ್ಳಿಯ ವೈದ್ಯನೊಬ್ಬ ನಿರ್ಧರಿಸಿ ಆಗಲೇ ಕೆಲವು ವಾರಗಳಾಗಿವೆ ಎಂದು ಮೊದಲ ವಾಕ್ಯವೇ ಹೇಳುತ್ತದೆ. ಒಗಟಿನ ಜಾಗಕ್ಕೆ ಒಬ್ಬ ಸಣ್ಣ ಮನುಷ್ಯನ ದೊಡ್ಡ ಜಂಬ ಬರುತ್ತದೆ. ಸಭ್ಯರ ಊರಿನಲ್ಲಿ ಕೊಲೆ ಹೇಗೆ ಬೆಳೆಯುತ್ತದೆ ಎಂಬುದನ್ನು ಕ್ರಿಸ್ಟಿಗಿಂತ ಈತ ಕಹಿಯಾಗಿ ಹೇಳಬಲ್ಲರು. ದುಡ್ಡು ಕೊಡುವುದಾದರೆ ನಾನು ಇದಕ್ಕೇ ಕೊಡುವವನು. ಒಂದೇ ಸೂರಿನ ಕತೆಗಳನ್ನು ಇನ್ನು ಮೇಲೆ ಇಂಗ್ಲಿಷ್‌ನಲ್ಲೇ, ಅದೂ ಅಂಗಡಿಗೆ ರಜೆ ಇರುವ ಯುಗಾದಿ, ದೀಪಾವಳಿಗಳಲ್ಲಿ.

280 ರೂಪಾಯಿಯ ಪುಸ್ತಕ ಈಗ ಅತ್ತಿಗೆಯವರ ಶಾಲೆಯಲ್ಲಿದೆ. ಏಕವಚನ, ಬಹುವಚನದ ಪಾಠಕ್ಕೆ ಅದರಿಂದ ಸಾಲು ಎತ್ತುತ್ತಾರಂತೆ. ಮೊನ್ನೆ ರಾತ್ರಿ ಊಟದ ನಂತರ ಅವರಿಗೆ ಬ್ರಾಡ್‌ಸ್ಕಿಯ ಕತೆಯನ್ನು ಕನ್ನಡದಲ್ಲಿ ಹೇಳಿದೆ. ಟೋಪಿಯ ತನಕ ಸುಮ್ಮನೆ ಕೇಳಿದರು. ಆಮೇಲೆ, “ಕೊಂದವನನ್ನು ‘ಅವನು’ ಎಂದೆ, ಸರಿ. ಪತ್ತೆ ಮಾಡುವವರನ್ನು ‘ಅವರು’ ಎಂದೆ, ಅದೂ ಸರಿ. ಸತ್ತ ವ್ಯಾಪಾರಿಯನ್ನೂ ‘ಅವನು’ ಎಂದೆಯಲ್ಲ, ಪಾಪ, ಅವರೇನು ತಪ್ಪು ಮಾಡಿದ್ದರು?” ಎಂದು ಕೇಳಿದರು.