8 ಜಿಬಿ ಫೋನಿನಲ್ಲಿ ಜಾಗ ಹುಡುಕಿದ್ದು: ಕ್ಲೀನರ್, ಕಾರ್ಡ್, ಕಂಪ್ಯೂಟರ್, ರೀಸೆಟ್

ಅಪ್ಪನ ಫೋನು 2015ರದ್ದು. ಆಂಡ್ರಾಯ್ಡ್ 5.1, ಒಳಗಿನ ಸ್ಟೋರೇಜ್ 8 ಜಿಬಿ, ಬ್ಯಾಟರಿ ಬಿಚ್ಚಿ ಹಾಕಬಹುದು. ಆ ಬ್ಯಾಟರಿಗಾಗಿಯೇ ಅವರು ಅದನ್ನು ಬಿಡುತ್ತಿಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿನ ಸಿದ್ದಾಪುರದಾಚೆಯ ನಮ್ಮ ತೋಟಕ್ಕೆ ಮೂರು ದಿನ ಕರೆಂಟ್ ಬರದಿದ್ದರೂ ಅವರ ಅಂಗಿ ಜೇಬಿನಲ್ಲಿ ಚಾರ್ಜಾಗಿರುವ ಇನ್ನೊಂದು ಬ್ಯಾಟರಿ ಇರುತ್ತದೆ. ಹೊಸ ಫೋನು ಕೊಡಿಸುತ್ತೇನೆ ಎಂದರೆ, 'ಅದರ ಹಿಂಬದಿ ತೆಗೆಯಲು ಬರುತ್ತದಾ?' ಎಂದು ಕೇಳುತ್ತಾರೆ. ಮಾತು ಅಲ್ಲಿಗೆ ಮುಗಿಯಿತು.

ಆದರೆ ಕಳೆದ ವರ್ಷ ವಾಟ್ಸಾಪ್ ಅಪ್‌ಡೇಟ್ ಆಗುವುದೇ ನಿಂತಿತು. ನಮ್ಮ ಕಡೆ ವಾಟ್ಸಾಪ್ ಶೋಕಿಗಲ್ಲ. ಬೆಳಿಗ್ಗೆ ಆನೆ ಯಾರ ತೋಟದಲ್ಲಿದೆ ಎಂದು ಗ್ರೂಪಿನಲ್ಲಿ ನೋಡದೆ ಕೆಲಸದವರನ್ನು ಒಳಗೆ ಬಿಡುವ ಹಾಗಿಲ್ಲ. 'ಸಾಕಷ್ಟು ಜಾಗವಿಲ್ಲ' ಎನ್ನುತ್ತಿತ್ತು ಫೋನು. ನೋಡಿದರೆ 400 ಎಂಬಿ ಖಾಲಿ ಇದೆ! ಆಂಡ್ರಾಯ್ಡ್ ತನಗೆಂದು ಗರಿಷ್ಠ 500 ಎಂಬಿಯವರೆಗೆ ಮೀಸಲಿಟ್ಟುಕೊಳ್ಳುತ್ತದೆ. ಅದರ ಮೇಲೆ, ಅಪ್‌ಡೇಟ್ ಆಗುವ ಹೊತ್ತಿಗೆ ಹಳೆಯ ಆ್ಯಪ್ ಹೊಸ ಆ್ಯಪ್ ಎರಡೂ ಒಟ್ಟಿಗೆ ಕೂರಲು ಜಾಗ ಬೇಕು. ಹಾಗಾಗಿ ಕಣ್ಣಿಗೆ ಕಾಣುವ 400 ಕೈಗೆ ಸಿಗುವುದಿಲ್ಲ.

ಅಲ್ಲಿಂದ ಶುರುವಾದದ್ದು ನನ್ನ ಪ್ರಯೋಗ. ಎರಡು ಫೋನುಗಳ ಮೇಲೆ: ಅಪ್ಪನದು, ಮತ್ತು ನನ್ನದೇ ಹಳೆಯದು. ನನ್ನದು ಆಂಡ್ರಾಯ್ಡ್ 6, 16 ಜಿಬಿ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಗೊಂದಲ. 8 ಜಿಬಿ ಎಂದರೆ ಎಂಟೂ ನಮ್ಮದಲ್ಲ. ನಮ್ಮ ತೋಟದ ನಡುವೆ ಪೈಸಾರಿ, ಅಂದರೆ ಸರ್ಕಾರಿ ಜಾಗ, ಇರುವ ಹಾಗೆ ಫೋನಿನಲ್ಲೂ ಒಂದು ಪೈಸಾರಿ ಇದೆ: ಸಿಸ್ಟಮ್ ವಿಭಾಗ. ಕಂಪನಿ ತುಂಬಿ ಕೊಟ್ಟ ಆ್ಯಪ್‌ಗಳೆಲ್ಲ ಅಲ್ಲಿವೆ. ಅದು ಓದಲು ಮಾತ್ರ, ಬರೆಯಲು ಅಳಿಸಲು ಆಗದು. ಇನ್ನೊಂದು ಡೇಟಾ ವಿಭಾಗ: ನಾವು ಹಾಕಿದ ಆ್ಯಪ್‌ಗಳು, ಅವುಗಳ ಡೇಟಾ, ಜೊತೆಗೆ ಕಂಪನಿ ಆ್ಯಪ್‌ಗಳಿಗೆ ಬಂದ ಅಪ್‌ಡೇಟ್‌ಗಳೂ ಇಲ್ಲೇ ಬಂದು ಕೂರುತ್ತವೆ. ಅದರಲ್ಲಿ ಉಳಿದದ್ದು ಫೋಟೋ, ವಿಡಿಯೋ, ಫಾರ್ವರ್ಡ್‌ಗಳ ಜಾಗ. ಅಪ್ಪನ ಫೋನಿನಲ್ಲಿ ಪೈಸಾರಿ ಕಳೆದು ನಮ್ಮ ಪಾಲಿಗೆ ಉಳಿದದ್ದು ಹೆಚ್ಚುಕಡಿಮೆ ಅರ್ಧ. ಸಾಲದ್ದಕ್ಕೆ 5.0ರಿಂದ ಆ್ಯಪ್ ಹಾಕುವಾಗಲೇ ಅದನ್ನು ಪೂರ್ತಿಯಾಗಿ ಯಂತ್ರಭಾಷೆಗೆ ತಿರುಗಿಸಿಡುವ ಪದ್ಧತಿ ಬಂತು. ಆ್ಯಪ್ ಬೇಗ ತೆರೆಯುತ್ತದೆ, ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ. 7.0ರಲ್ಲಿ ಇದನ್ನು ಸಡಿಲಿಸಿದರು. ಅಂದರೆ ನಮ್ಮ ಎರಡೂ ಫೋನುಗಳು ಸರಿಯಾಗಿ ಆ ಹೊಟ್ಟೆಬಾಕ ಕಾಲದವು.

ಕ್ಲೀನರ್ ಆ್ಯಪ್‌ಗಳನ್ನು ಮೊದಲು ನೋಡಿದೆ, ಏಕೆಂದರೆ ಎಲ್ಲರೂ ಅದನ್ನೇ ಹೇಳುತ್ತಾರೆ. ಎರಡು ಬಗೆಯವು ಹಾಕಿದೆ. ಒಂದು, ಹೆಸರೇ ಕೇಳದ, ರಾಕೆಟ್ ಚಿತ್ರದ ಕ್ಲೀನರ್. ಅದು ಒಳಬಂದು ತಾನೇ ಜಾಗ ಹಿಡಿಯಿತು, ಜಾಹೀರಾತು ತೋರಿಸಿತು, ದಿನಕ್ಕೆ ನಾಲ್ಕು ಸಲ 'ನಿಮ್ಮ ಫೋನು ಅಪಾಯದಲ್ಲಿದೆ' ಎಂದು ಅಪ್ಪನನ್ನು ಹೆದರಿಸಿತು. ನನ್ನ ಆಂಡ್ರಾಯ್ಡ್ 6ರಲ್ಲಂತೂ ಅದರ ಆಟ ಪೂರ್ತಿ ನಾಟಕ. ಬೇರೆ ಆ್ಯಪ್‌ಗಳ ಕ್ಯಾಶೆ (ಬೇಗ ತೆರೆಯಲೆಂದು ಅವು ಕೂಡಿಟ್ಟುಕೊಂಡ ತಾತ್ಕಾಲಿಕ ಫೈಲುಗಳು) ಅಳಿಸುವ ಅಧಿಕಾರವನ್ನು 6.0ರಿಂದ ಸಾಮಾನ್ಯ ಆ್ಯಪ್‌ಗಳಿಗೆ ಕೊಡುವುದಿಲ್ಲ. ಕಡ್ಡಿ ತಿರುಗುತ್ತದೆ, ಸಂಖ್ಯೆ ಓಡುತ್ತದೆ, ಜಾಗ ಅಷ್ಟೇ ಇರುತ್ತದೆ. 5.1ರಲ್ಲಿ ನಿಜಕ್ಕೂ ಅಳಿಸಿತು, ಆದರೆ ಅದಕ್ಕೆ ಯಾವ ಆ್ಯಪೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆದು 'ಕ್ಯಾಶ್ಡ್ ಡೇಟಾ' ಮುಟ್ಟಿದರೆ ಎಲ್ಲವನ್ನೂ ಒಟ್ಟಿಗೆ ಅಳಿಸಬಹುದು. 5, 6, 7ರಲ್ಲಿ ಈ ಸೌಲಭ್ಯ ಇತ್ತು, 8ರಲ್ಲಿ ತೆಗೆದರು. ಇನ್ನು ಕ್ಯಾಶೆ ಎನ್ನುವುದು ಕಾಫಿ ಬುಡದ ಕಳೆ ಇದ್ದ ಹಾಗೆ. ಇವತ್ತು ತೆಗೆದರೆ ವಾರದಲ್ಲಿ ಮತ್ತೆ ಬರುತ್ತದೆ, ಬರುವಾಗ ನಮ್ಮ ನೆಟ್‌ಪ್ಯಾಕನ್ನೂ ಕುಡಿದು ಬರುತ್ತದೆ.

ಎರಡನೆಯದು ಗೂಗಲ್‌ನ ಫೈಲ್ಸ್. 2017ರ ಕೊನೆಯಲ್ಲಿ 'ಫೈಲ್ಸ್ ಗೋ' ಎಂದು ಬಂದದ್ದು ಇದೇ. ಇದರ ಬಗ್ಗೆ ನನಗೆ ದೂರಿಲ್ಲ. ಒಂದೇ ವಿಡಿಯೋದ ನಕಲುಗಳನ್ನು ಸಾಲಾಗಿ ತೋರಿಸುತ್ತದೆ. ತುಲಾ ಸಂಕ್ರಮಣದ ತೀರ್ಥೋದ್ಭವದ ವಿಡಿಯೋ ಒಂದೇ ವರ್ಷದ್ದು ಅಪ್ಪನ ಫೋನಿನಲ್ಲಿ ಆರು ಇತ್ತು. ಆರೂ ಗ್ರೂಪಿನವರು ಭಕ್ತಿಯಿಂದಲೇ ಕಳಿಸಿದ್ದರು. ಹಾಕಿ ಹಬ್ಬದ ಕ್ಲಿಪ್ಪುಗಳು, ಹುತ್ತರಿ ಶುಭಾಶಯಗಳು, ಗುಡ್ ಮಾರ್ನಿಂಗ್ ಗುಲಾಬಿಗಳು ಬೇರೆ. ಅಳಿಸಿದರೆ ತಕ್ಷಣ ಜಾಗ ಬರುತ್ತದೆ, ನಿಜವಾದ ಜಾಗ. ಕೊರತೆ ಒಂದೇ: ಏನು ತುಂಬಿದೆ ಎಂದು ಅದು ತನ್ನ ಲೆಕ್ಕದಲ್ಲಿ ಹೇಳುತ್ತದೆಯೇ ಹೊರತು ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು ಸಾಲಾಗಿ ತೋರಿಸುವುದಿಲ್ಲ. ಅಡಗಿಕೊಂಡ ಫೈಲುಗಳನ್ನೂ ನಾವಾಗಿ ಕೇಳದೆ ತೋರಿಸುವುದಿಲ್ಲ.

ಕ್ಲೌಡ್? ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು, ಈಗ ಎಲ್ಲ ಸೇರಿ 15 ಜಿಬಿ. ಅದೂ ಇರಲಿ, ನಮ್ಮಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯ ನೀರಿನ ಟ್ಯಾಂಕಿನ ಮೇಲೆ. ಅಲ್ಲಿ ನಿಂತು ವಿಡಿಯೋ ಮೇಲೆ ಕಳಿಸುವವರು ಬೇರೆ ಕೆಲಸ ಇಲ್ಲದವರು.

ಈಗ ಕಾರ್ಡಿನ ಕಥೆ. ಇಲ್ಲಿ ಎರಡು ದಾರಿ ಇವೆ, ನಾನು ಎರಡನ್ನೂ ಹಿಡಿದಿದ್ದೇನೆ, ಒಂದರಲ್ಲಿ ಬಿದ್ದಿದ್ದೇನೆ.

ಆಂಡ್ರಾಯ್ಡ್ 6ರಲ್ಲಿ ಹೊಸ ಮೆಮೊರಿ ಕಾರ್ಡ್ ಹಾಕಿದರೆ ಕೆಲವು ಫೋನುಗಳು ಕೇಳುತ್ತವೆ: ಇದನ್ನು ತೆಗೆದು ಹಾಕುವ ಕಾರ್ಡಾಗಿ ಬಳಸಬೇಕೋ, ಫೋನಿನ ಒಳಸ್ಟೋರೇಜಾಗಿಯೇ ಸೇರಿಸಿಕೊಳ್ಳಬೇಕೋ? ಎರಡನೆಯದನ್ನು ಒತ್ತಿದರೆ ಕಾರ್ಡು ಫೋನಿಗೆ ದತ್ತು ಹೋಗುತ್ತದೆ. ನಾನು 32 ಜಿಬಿ ಕಾರ್ಡನ್ನು ದತ್ತು ಕೊಟ್ಟೆ. ಮೊದಲ ದಿನದ ಸುಖ ಹೇಳತೀರದು. ಆ್ಯಪ್‌ಗಳು ಡೇಟಾ ಸಮೇತ ಆಚೆ ಹೋದವು, ಫೋಟೋಗಳೂ ಹೋದವು, 16 ಜಿಬಿಯ ಫೋನು ದೊಡ್ಡ ಫೋನಾಯಿತು. ಬರೀ ಸಂಖ್ಯೆಯ ಪಂದ್ಯವಾಗಿದ್ದರೆ ಇದೇ ಗೆಲ್ಲುತ್ತಿತ್ತು.

ಎರಡನೇ ತಿಂಗಳಿಗೆ ಫೋನು ಆಕಳಿಸತೊಡಗಿತು. ಕಾರ್ಡಿನ ಮೇಲೆ 'ಕ್ಲಾಸ್ 10' ಎಂದು ಬರೆದಿರುತ್ತದಲ್ಲ, ಅದು ಸೆಕೆಂಡಿಗೆ ಕನಿಷ್ಠ 10 ಎಂಬಿ ಒಂದೇ ಓಟದಲ್ಲಿ ಬರೆಯುವ ವೇಗ. ವಿಡಿಯೋ ರೆಕಾರ್ಡಿಂಗಿಗೆ ಅದು ಸಾಕು. ಆ್ಯಪ್‌ಗಳು ಹಾಗೆ ಬರೆಯುವುದಿಲ್ಲ, ಕೋಳಿ ಕೆದಕಿದ ಹಾಗೆ ಅಲ್ಲಿ ಚೂರು ಇಲ್ಲಿ ಚೂರು. ಅದಕ್ಕೆಂದೇ 2016ರಲ್ಲಿ ಎ1 ಎಂಬ ಗುರುತು ಬಂತು: ಸೆಕೆಂಡಿಗೆ 1500 ಬಿಡಿ ಓದು, 500 ಬಿಡಿ ಬರಹ. ನನ್ನ ಕಾರ್ಡಿನಲ್ಲಿ ಆ ಗುರುತು ಇರಲಿಲ್ಲ. ದತ್ತು ಕೊಡುವುದೇ ಆದರೆ ಎ1 ಇಲ್ಲದ ಕಾರ್ಡನ್ನು ಕೊಡಬೇಡಿ.

ನಿಧಾನ ಸಹಿಸಬಹುದಿತ್ತು. ಜುಲೈನ ಒಂದು ಸಂಜೆ ರೈನ್‌ಕೋಟಿನ ಜೇಬಿಗೆ ನೀರಿಳಿದು ಫೋನು ಸತ್ತಿತು. ಅಕ್ಕಿಯಲ್ಲಿ ಹೂತಿಟ್ಟೆ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ, ಪ್ರಯೋಜನವಿಲ್ಲ. ಹೋಗಲಿ, ಕಾರ್ಡಿದೆಯಲ್ಲ ಎಂದು ಲ್ಯಾಪ್‌ಟಾಪಿಗೆ ಹಾಕಿದರೆ 'ಫಾರ್ಮ್ಯಾಟ್ ಮಾಡಲೇ?' ಎಂದಿತು. ದತ್ತು ಹೋದ ಕಾರ್ಡನ್ನು ಆಂಡ್ರಾಯ್ಡ್ ಗೂಢಲಿಪಿಯಲ್ಲಿ ಬರೆಯುತ್ತದೆ, ಆ ಬೀಗದ ಕೀಲಿಯನ್ನು ಫೋನಿನ ಒಳಗೆ ಇಟ್ಟುಕೊಳ್ಳುತ್ತದೆ. ಫೋನು ಸತ್ತರೆ ಕೀಲಿಯೂ ಹೋಯಿತು. ಫೋನನ್ನು ರೀಸೆಟ್ ಮಾಡಿದರೂ, ಅಂದರೆ ಎಲ್ಲ ಅಳಿಸಿ ಹೊಸದರಂತೆ ಮಾಡಿದರೂ, ಅಷ್ಟೇ. ಎರಡು ವರ್ಷದ ಫೋಟೋಗಳು ಆ ಉಗುರಿನಷ್ಟು ಪ್ಲಾಸ್ಟಿಕ್ಕಿನಲ್ಲಿವೆ, ಆದರೆ ಯಾರಿಗೂ ಇಲ್ಲ. ಕಾರ್ಡ್ ಸೇರಿಸುವಾಗ ಫೋನು ಎಚ್ಚರಿಸಿತ್ತು ಎಂದು ಆಮೇಲೆ ನೆನಪಾಯಿತು. ಓದದೆ ಒತ್ತಿದ್ದೆ.

ಅಪ್ಪನ 5.1ರಲ್ಲಿ ದತ್ತು ಎನ್ನುವುದೇ ಇಲ್ಲ, ಪುಣ್ಯ. ಹಳೆಯ 'ಮೂವ್ ಟು ಎಸ್‌ಡಿ ಕಾರ್ಡ್' ಬಟನ್ ಇದೆ, ಅದರಿಂದ ಸಿಕ್ಕಿದ್ದು ಅಲ್ಪ. ಆ್ಯಪ್‌ನ ಮೂಲ ಫೈಲು ಮಾತ್ರ ಕಾರ್ಡಿಗೆ ಹೋಗುತ್ತದೆ, ಅದರ ಡೇಟಾ ಒಳಗೇ ಉಳಿಯುತ್ತದೆ. ವಾಟ್ಸಾಪ್ ಅಂತೂ ಹೋಗುವುದೇ ಇಲ್ಲ.

ಹಾಗಾಗಿ ಎರಡನೇ ದಾರಿ: ಕಾರ್ಡನ್ನು ಕಾರ್ಡಾಗಿಯೇ ಇಟ್ಟುಕೊಂಡು ಕೈಯಾರೆ ಸಾಗಿಸುವುದು. ಇದಕ್ಕೆ ಎಕ್ಸ್-ಪ್ಲೋರ್ ಎಂಬ ಫೈಲ್ ಮ್ಯಾನೇಜರ್ ಆ್ಯಪ್ ಹಾಕಿದೆ. ನೋಕಿಯಾದ ಸಿಂಬಿಯನ್ ಫೋನು ಬಳಸಿದವರಿಗೆ ಈ ಹೆಸರು ಗೊತ್ತು. ಆಗಲೂ ಫೋನಿನ ಸಿ ಡ್ರೈವ್, ಕಾರ್ಡಿನ ಇ ಡ್ರೈವ್ ಒಳಗೆ ಇಣುಕಲು ಇದನ್ನೇ ಹಾಕಿಕೊಳ್ಳುತ್ತಿದ್ದೆವು. ಎಡಕ್ಕೆ ಫೋನು, ಬಲಕ್ಕೆ ಕಾರ್ಡು, ಎರಡು ಕಿಟಕಿ. ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು 'ಡಿಸ್ಕ್ ಮ್ಯಾಪ್' ಪಟ್ಟಿ ಎಳೆದು ತೋರಿಸುತ್ತದೆ. ಕ್ಲೀನರ್ ತೋರಿಸದ ಕಳ್ಳರು ಇಲ್ಲಿ ಸಿಕ್ಕಿದರು.

ದೊಡ್ಡ ಕಳ್ಳ ಕ್ಯಾಮೆರಾ ಫೋಲ್ಡರ್ ಡಿಸಿಐಎಂ ಒಳಗಿನ 'ಥಂಬ್‌ನೇಲ್ಸ್'. ಹೆಸರಿನ ಮುಂದೆ ಚುಕ್ಕಿ ಇರುವುದರಿಂದ ಅದು ಮಾಮೂಲಿಗೆ ಕಾಣುವುದಿಲ್ಲ. ಗ್ಯಾಲರಿಯ ಪುಟ್ಟ ಚಿತ್ರಗಳನ್ನು ಒಟ್ಟು ಹಾಕುವ ಒಂದೇ ಫೈಲು, ಫೋಟೋ ಅಳಿಸಿದರೂ ಕರಗದೆ ಬೆಳೆಯುತ್ತಲೇ ಇರುತ್ತದೆ. ಅಪ್ಪನದರಲ್ಲಿ ಅದು ಅರ್ಧ ಜಿಬಿ ದಾಟಿತ್ತು. ಅಳಿಸಿದೆ, ಗ್ಯಾಲರಿ ಸ್ವಲ್ಪ ಹೊತ್ತು ತಡವರಿಸಿ ಮತ್ತೆ ಚಿಕ್ಕದಾಗಿ ಕಟ್ಟಿಕೊಂಡಿತು. ಇನ್ನೊಬ್ಬ ಕಳ್ಳ ವಾಟ್ಸಾಪಿನ 'ಸೆಂಟ್' ಫೋಲ್ಡರ್. ನಾವು ಕಳಿಸಿದ ಫೋಟೋಗಳ ಇನ್ನೊಂದು ಪ್ರತಿ ಅಲ್ಲಿ ಕೂತಿರುತ್ತದೆ, ಮೂಲ ಗ್ಯಾಲರಿಯಲ್ಲಿ ಇದ್ದೇ ಇರುತ್ತದೆ. ವಾಟ್ಸಾಪಿನದೇ 'ಡೇಟಾಬೇಸಸ್' ಫೋಲ್ಡರಿನಲ್ಲಿ ದಿನಕ್ಕೊಂದರಂತೆ ಏಳು ದಿನದ ಬ್ಯಾಕಪ್ ಇತ್ತು. ಇತ್ತೀಚಿನದನ್ನು ಬಿಟ್ಟು ಹಳೆಯವನ್ನು ತೆಗೆದೆ. ಹೊಸ ಆಂಡ್ರಾಯ್ಡ್‌ಗಳಲ್ಲಿ ಈ ವಾಟ್ಸಾಪ್ ಫೋಲ್ಡರ್ ಆಂಡ್ರಾಯ್ಡ್ ಎಂಬ ಫೋಲ್ಡರಿನ ಒಳಗೆ 'ಮೀಡಿಯಾ'ದಲ್ಲಿ ಸೇರಿಕೊಂಡಿದೆ, ಹುಡುಕುವವರು ಅಲ್ಲಿ ನೋಡಿ.

ಈ ದಾರಿಗೂ ಬೆಲೆ ಇದೆ. ಕಾರ್ಡಿಗೆ ಸಾಗಿಸಿದ ವಿಡಿಯೋ ಚಾಟ್‌ನೊಳಗಿಂದ ತೆರೆಯುವುದಿಲ್ಲ, ಗ್ಯಾಲರಿಯಿಂದಲೇ ನೋಡಬೇಕು. ಇದನ್ನು ಅಪ್ಪನಿಗೆ ಒಪ್ಪಿಸಲು ಎರಡು ವಾರ ಬೇಕಾಯಿತು. ಮತ್ತೆ, ಸಾಗಿಸುವಾಗ 'ಮೂವ್' ಒತ್ತಬೇಡಿ. ಕಾಪಿ ಮಾಡಿ, ಕಾರ್ಡಿನಲ್ಲಿ ಒಂದೆರಡು ತೆರೆದು ನೋಡಿ, ಆಮೇಲೆ ಮೂಲ ಅಳಿಸಿ. ಅರ್ಧದಲ್ಲಿ ಕಾರ್ಡ್ ಅಲುಗಾಡಿದರೆ ಉಳಿಯುವುದು 'ಲಾಸ್ಟ್ ಡಿಐಆರ್' ಎಂಬ ಫೋಲ್ಡರಿನಲ್ಲಿ ಹೆಸರಿಲ್ಲದ ಚೂರುಗಳು.

ಕಂಪ್ಯೂಟರಿಗೆ ಕಟ್ಟಿ ಕಂಪನಿ ಆ್ಯಪ್‌ಗಳನ್ನು ಕೀಳುವುದು ಹುಡುಗರ ಇಷ್ಟದ ದಾರಿ. ನನ್ನ ಫೋನು ಬದುಕಿದ್ದಾಗ ಮಾಡಿದ್ದೆ. ಬಿಲ್ಡ್ ನಂಬರನ್ನು ಏಳು ಸಲ ತಟ್ಟಿ ಡೆವಲಪರ್ ಆಯ್ಕೆ ತೆರೆದು, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಎಡಿಬಿಯಿಂದ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಸಾಧನ) ಒಂದೊಂದೇ ಆ್ಯಪ್ ಪ್ಯಾಕೇಜನ್ನು ಬಳಕೆದಾರ ಸೊನ್ನೆಯ, ಅಂದರೆ ಫೋನಿನ ಮೊದಲ ಬಳಕೆದಾರನ, ಹೆಸರಿನಿಂದ ತೆಗೆಯುವುದು. ಇಪ್ಪತ್ತು ಆ್ಯಪ್ ಕಣ್ಮರೆಯಾದವು, ಜಾಗ ಮಾತ್ರ ಅಂದುಕೊಂಡಷ್ಟು ಬರಲಿಲ್ಲ. ಕಾರಣ ಪೈಸಾರಿ! ಆ್ಯಪ್ ನಮ್ಮ ಪಟ್ಟಿಯಿಂದ ಹೋಗುತ್ತದೆ, ಅದರ ಮೂಲ ಸಿಸ್ಟಮ್ ವಿಭಾಗದಲ್ಲಿ ಹಾಗೇ ಇರುತ್ತದೆ. ಜೊತೆಗೆ ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡುವ ಆ ಆಜ್ಞೆಯಲ್ಲಿ 'ಮೈನಸ್ ಕೆ' ಎಂದೊಂದು ಇರುತ್ತದೆ. ಕೆ ಎಂದರೆ ಕೀಪ್: ಡೇಟಾವನ್ನು, ಕ್ಯಾಶೆಯನ್ನು ಹಾಗೇ ಇಟ್ಟುಕೋ ಎಂದು! ಜಾಗ ಬೇಕೆಂದು ಹೊರಟವರು ಅದನ್ನು ಹಾಕಿದರೆ ಮನೆ ಗುಡಿಸಿ ಕಸವನ್ನು ಮಂಚದ ಕೆಳಗೆ ತಳ್ಳಿದ ಹಾಗೆ.

ನಿಜವಾಗಿ ಜಾಗ ತಿನ್ನುವುದು ಕಂಪನಿ ಆ್ಯಪ್‌ಗಳ ಅಪ್‌ಡೇಟ್‌ಗಳು. ಅದಕ್ಕೆ ಕಂಪ್ಯೂಟರ್ ಬೇಕಿಲ್ಲ. ಅಪ್ಪನ ಫೋನಿನಲ್ಲಿ ಆ್ಯಪ್ ಮಾಹಿತಿ ತೆರೆದು 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್', ಆಮೇಲೆ 'ಡಿಸೇಬಲ್'. ಸಿನಿಮಾ, ಸಂಗೀತ, ಪತ್ರಿಕೆ, ಕ್ರೋಮ್, ಅವರು ಎಂದೂ ತೆರೆಯದ್ದನ್ನೆಲ್ಲ ಹೀಗೆ ಕಳೆದೆ. ಕಂಪ್ಯೂಟರಿನ ಮುಂದೆ ಒಂದು ಮಧ್ಯಾಹ್ನ ಕೂತು ಗಳಿಸಿದ್ದಕ್ಕಿಂತ ಅರ್ಧ ಗಂಟೆಯ ಈ ಕೆಲಸದಲ್ಲಿ ಹೆಚ್ಚು ಸಿಕ್ಕಿತು. ಪ್ಲೇ ಸರ್ವಿಸಸ್ ಮತ್ತು ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವ ಸಿಸ್ಟಮ್ ವೆಬ್‌ವ್ಯೂ ಎರಡನ್ನು ಮುಟ್ಟಬೇಡಿ. 5 ಮತ್ತು 6ರಲ್ಲಿ ವೆಬ್‌ವ್ಯೂ ಕ್ರೋಮಿನಿಂದ ಬೇರೆ, ಹಾಗಾಗಿ ಕ್ರೋಮ್ ಮುಚ್ಚಿದರೂ ತೊಂದರೆಯಾಗಲಿಲ್ಲ. 7ರಿಂದ 9ರವರೆಗೆ ಆ ಕೆಲಸವನ್ನು ಕ್ರೋಮೇ ನೋಡಿಕೊಳ್ಳುತ್ತದೆ, ಅಲ್ಲಿ ಕೈ ಹಾಕಬಾರದು.

ರೀಸೆಟ್ ಒಮ್ಮೆ ಮಾಡಿದೆ, ಅಪ್ಪನ ಫೋನಿಗೇ. ಫೋನು ಆನ್ ಆಗುವಾಗ ಬಟನ್ ಹಿಡಿದರೆ ಬರುವ ರಿಕವರಿ ಪರದೆಯಿಂದ ಮಾಡಿದ್ದು ತಪ್ಪಾಯಿತು. 5.1ರಿಂದ, ಹಾಗೆ ಅಳಿಸಿದರೆ ಹಳೆಯ ಗೂಗಲ್ ಖಾತೆಯನ್ನು ಕೊಡದೆ ಫೋನು ತೆರೆಯುವುದಿಲ್ಲ. ಪಾಸ್‌ವರ್ಡ್ ಮಳೆ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ, 'ಇಂಚು' 'ಸೆಂಟ್' (ಇಂಚಿನ ನೂರನೇ ಪಾಲು) ಕಾಲಮ್ಮುಗಳ ನಡುವೆ ಸಿಕ್ಕಿತು. ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಮಾಡಿ, ಅದಕ್ಕೂ ಮೊದಲು ವಾಟ್ಸಾಪ್ ಫೋಲ್ಡರನ್ನು ಪೂರ್ತಿ ಕಾರ್ಡಿಗೆ ಕಾಪಿ ಮಾಡಿ. ರೀಸೆಟ್ ಆದ ಫೋನು ಹೊಸ ಮದುಮಗನಂತೆ ಓಡುತ್ತದೆ, ಪ್ಲೇ ಸ್ಟೋರಿನಲ್ಲಿ ಆಟೋ ಅಪ್‌ಡೇಟ್ ನಿಲ್ಲಿಸದಿದ್ದರೆ ಹದಿನೈದು ದಿನದಲ್ಲಿ ಹಳೇ ಗಂಡನಾಗುತ್ತದೆ.

ಆರು ತಿಂಗಳ ಮೇಲೆ ಅಪ್ಪನ ಫೋನಿನಲ್ಲಿ ಉಳಿದಿರುವುದು ಇಷ್ಟು: ಅಪ್‌ಡೇಟ್ ಕಿತ್ತು ಮುಚ್ಚಿದ ಆ್ಯಪ್‌ಗಳು, ಕಾರ್ಡಿಗೆ ನೇರ ಉಳಿಸುವ ಕ್ಯಾಮೆರಾ, ತಿಂಗಳಿಗೊಮ್ಮೆ ಎಕ್ಸ್-ಪ್ಲೋರ್. ಫೈಲ್ಸ್ ಆ್ಯಪ್ ಇದೆ, ಹಬ್ಬದ ಮರುದಿನ ತೆರೆಯುತ್ತೇನೆ. ಮಳೆ ಪುಸ್ತಕದ ಪುಟಗಳ ಫೋಟೋ ಮಾತ್ರ ಲ್ಯಾಪ್‌ಟಾಪಿಗೂ ಹೋಗುತ್ತದೆ. ಖಾಲಿ ಜಾಗ 1 ಜಿಬಿಗಿಂತ ಕೆಳಗೆ ಇಳಿದಿಲ್ಲ, ಆನೆ ಗ್ರೂಪು ನಡೆಯುತ್ತಿದೆ.

ದತ್ತು ಹೋಗಿದ್ದ ಆ 32 ಜಿಬಿ ಕಾರ್ಡನ್ನು ಹಲವು ತಿಂಗಳು ಮೇಜಿನ ಖಾನೆಯಲ್ಲಿಟ್ಟಿದ್ದೆ, ಸತ್ತ ಫೋನು ಎಂದಾದರೂ ಎದ್ದೀತೆಂದು. ಹೋದ ತಿಂಗಳು ಫಾರ್ಮ್ಯಾಟ್ ಮಾಡಿ ಅಪ್ಪನ ಫೋನಿಗೆ ಹಾಕಿದೆ. 29.8 ಜಿಬಿ ಖಾಲಿ ಎಂದು ತೋರಿಸಿತು.