ಹಂಪನಕಟ್ಟೆಯಲ್ಲಿ ಕೊಂಡ ಹನ್ನೆರಡು ಸೆಂಟಿಮೀಟರಿನ ನ್ಯಾಟ್

ಕಳೆದ ಆಟಿ ತಿಂಗಳಲ್ಲಿ ಮಂಗಳೂರಿನ ಹಂಪನಕಟ್ಟೆಯ ಒಂದು ಆಟಿಕೆ ಅಂಗಡಿಯಲ್ಲಿ ನ್ಯಾಟ್ ಯುದ್ಧವಿಮಾನದ 1:72 ಪ್ರಮಾಣದ, ಅಂದರೆ ನಿಜವಾದುದರ ಎಪ್ಪತ್ತೆರಡನೆಯ ಒಂದು ಭಾಗದಷ್ಟು ಅಳತೆಯ, ಪ್ಲಾಸ್ಟಿಕ್ ಕಿಟ್ಟೊಂದನ್ನು 1,450 ರೂಪಾಯಿಗೆ ಕೊಂಡೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಅಳಿಯನೂ ನಾನೂ ಸೇರಿ ಮೂರು ಭಾನುವಾರಗಳಲ್ಲಿ ಅದನ್ನು ಜೋಡಿಸಿ ಮುಗಿಸಿದೆವು.

ಈ ವಿಮಾನದ ಮಾದರಿಯಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಅಳತೆಯನ್ನು. ನಿಜವಾದ ನ್ಯಾಟ್‌ನ ಉದ್ದ ಸುಮಾರು 8.7 ಮೀಟರ್, ರೆಕ್ಕೆಗಳ ಹರವು ಸುಮಾರು 6.7 ಮೀಟರ್, ಸ್ಕೇಲು ಹಿಡಿದು ನೋಡಿದಾಗ ನಮ್ಮದು 12 ಸೆಂಟಿಮೀಟರ್ ಉದ್ದ, 9.3 ಸೆಂಟಿಮೀಟರ್ ಅಗಲ ಇತ್ತು, ಅಂದರೆ ಲೆಕ್ಕಕ್ಕೆ ಸರಿಯಾಗಿತ್ತು. ಹಿಂದೆ ಇದೇ ಪ್ರಮಾಣದಲ್ಲಿ ಜೋಡಿಸಿಟ್ಟಿದ್ದ ಸೇಬರ್ ಜೆಟ್ಟಿನ ಪಕ್ಕದಲ್ಲಿ ಇಟ್ಟಾಗ, "ಮಾವ, ಇದು ಅದರ ಮರಿಯ ಹಾಗಿದೆಯಲ್ಲ!" ಎಂದು ಅಳಿಯ ಬೆರಗಾದ. ಆ ಮರಿಯೇ 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್‌ಗಳನ್ನು ಎದುರಿಸಿ 'ಸೇಬರ್ ಸ್ಲೇಯರ್', ಅಂದರೆ ಸೇಬರ್ ಸಂಹಾರಿ, ಎಂಬ ಹೆಸರು ಪಡೆಯಿತು. ಗಾತ್ರ ಕಿರಿದಾಗಿದ್ದುದರಿಂದ ಅದು ಎದುರಾಳಿ ಪೈಲಟ್‌ನ ಕಣ್ಣಿಗೆ ತಡವಾಗಿ ಬೀಳುತ್ತಿತ್ತು, ಹಗುರವಾಗಿದ್ದುದರಿಂದ ಚುರುಕಾಗಿ ತಿರುಗುತ್ತಿತ್ತು. ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ವಿಮಾನವನ್ನು ಪರವಾನಗಿ ಪಡೆದು ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿತೆಂಬುದು ನನಗೆ ಇಂದಿಗೂ ಅಭಿಮಾನದ ವಿಷಯ.

ಭಾಗಗಳು ಚೆನ್ನಾಗಿ ಕೂಡಿಕೊಳ್ಳುತ್ತವೆ. ಗಾಳಿ ಒಳಸೇರುವ ಎರಡು ಬದಿಗಳಲ್ಲಿ ಮಾತ್ರ ಸ್ಯಾಂಡ್‌ಪೇಪರಿನಿಂದ ಸ್ವಲ್ಪ ಉಜ್ಜಬೇಕಾಯಿತು. ಆ ಬದಿಗಳಲ್ಲಿರುವ 30 ಮಿಲಿಮೀಟರ್ ಫಿರಂಗಿಗಳ ಬಾಯಿಗಳನ್ನೂ ತಯಾರಕರು ಮರೆಯದೆ ಕೊರೆದಿದ್ದಾರೆ. ಚಕ್ರಗಳನ್ನು ಪೂರ್ತಿ ಇಳಿಸಿಯೋ ಪೂರ್ತಿ ಮಡಚಿಯೋ ಅಂಟಿಸಬಹುದು. ನ್ಯಾಟ್‌ನ ಪೈಲಟ್‌ಗಳು ಆಕಾಶದಲ್ಲಿ ವೇಗ ತಗ್ಗಿಸಲು ಈ ಚಕ್ರಗಳನ್ನೇ ಅರ್ಧ ಇಳಿಸಿ ಬ್ರೇಕಿನಂತೆ ಬಳಸುತ್ತಿದ್ದರಾದ್ದರಿಂದ, ಆ ಭಂಗಿಗೂ ಅವಕಾಶವಿದ್ದಿದ್ದರೆ ಮಾದರಿಯ ಬೆಲೆ ನನ್ನ ಕಣ್ಣಿನಲ್ಲಿ ಇಮ್ಮಡಿಯಾಗುತ್ತಿತ್ತು.

ನಿಜವಾದ ಕೊರತೆ ಇರುವುದು ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್‌ಗಳಲ್ಲಿ. ನಮ್ಮ ವಾಯುಪಡೆಯ ವೃತ್ತಲಾಂಛನದ ಹೊರಬಳೆ ಕೇಸರಿ, ನಡುವಿನದು ಬಿಳಿ, ಒಳಗಿನದು ಹಸಿರು. ಇಲ್ಲಿ ಕೇಸರಿ ಕೆಂಪಿಗೆ ತಿರುಗಿದೆ. ದೇಶದ ಗುರುತನ್ನು ಅಚ್ಚು ಹಾಕುವವರು ಬಣ್ಣದಲ್ಲಿ ಇಷ್ಟು ಅಲಕ್ಷ್ಯ ತೋರಬಾರದಿತ್ತು. ಕೊನೆಗೆ ನಾವೇ ಸಣ್ಣ ಕುಂಚದಿಂದ ತಿದ್ದಿದೆವು. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಬೆಳ್ಳಿ ಬಣ್ಣ ಒಣಗಲು ಎರಡು ದಿನ ಬೇಕಾಯಿತಾದರೂ ಅದು ಕಿಟ್ಟಿನ ತಪ್ಪಲ್ಲ.

ಬೆರಳುಗುರಿನಷ್ಟಿರುವ ಪೈಲಟ್ ಬೊಂಬೆಯನ್ನು ಕಾಕ್‌ಪಿಟ್ಟಿನಲ್ಲಿ ಕೂರಿಸುವಾಗ ನನಗೆ ನೆನಪಾದವರು ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್. 1971ರ ಡಿಸೆಂಬರ್ 14ರಂದು ಶ್ರೀನಗರದ ವಾಯುನೆಲೆಯ ಮೇಲೆ ಸೇಬರ್‌ಗಳು ದಾಳಿ ಮಾಡುತ್ತಿದ್ದಾಗಲೇ ನ್ಯಾಟ್ ಏರಿ ಮೇಲೆದ್ದ ಅವರು, ಹಲವು ವಿಮಾನಗಳೊಡನೆ ಒಬ್ಬರೇ ಹೋರಾಡಿ ಹುತಾತ್ಮರಾದರು. ಭಾರತೀಯ ವಾಯುಪಡೆಗೆ ಸಂದಿರುವ ಏಕೈಕ ಪರಮವೀರ ಚಕ್ರ ಅವರದು. ಇಷ್ಟು ಇಕ್ಕಟ್ಟಾದ ಆಸನದಲ್ಲಿ ಕುಳಿತು ಅವರು ಹೋರಾಡಿದರೆಂಬುದು, ಆ ಬೊಂಬೆಯ ಭುಜಗಳು ಎರಡೂ ಗೋಡೆಗಳಿಗೆ ತಾಗಿದ್ದನ್ನು ಕಂಡಾಗಲೇ ನನ್ನ ಮನಸ್ಸಿಗೆ ನಾಟಿದ್ದು.

ಬಣ್ಣ, ಅಂಟುಗಳಿಗೆ ಬೇರೆ ಹಣ ತೆರಬೇಕಾದರೂ ಕೊಟ್ಟ ಬೆಲೆಗೆ ಮೋಸವಿಲ್ಲ. ಅಂಗಡಿಯವರು ಪೆಟ್ಟಿಗೆ ಬಿಚ್ಚಿ, ಭಾಗಗಳನ್ನು ಎಣಿಸಿ ಕೊಟ್ಟರು. ಅಳಿಯನಿಗೆ ಇನ್ನೊಂದು ವಿಮಾನದ ಮೇಲೂ ಆಸೆ. ನೆರೆಯ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತಮ್ಮ ಮಿಸ್ಟೇರ್ ಯುದ್ಧವಿಮಾನದಿಂದ, ಅದಕ್ಕಿಂತ ಬಹಳ ವೇಗದ ಪಾಕಿಸ್ತಾನಿ ಜೆಟ್ ಸ್ಟಾರ್‌ಫೈಟರನ್ನು ಉರುಳಿಸಿ ಮಡಿದರು. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಆ ಮಿಸ್ಟೇರ್‌ನ ಕಿಟ್ ತರಿಸಿಕೊಡುವಿರಾ ಎಂದು ಅಳಿಯ ಕೇಳಿದಾಗ, ಅಂಗಡಿಯವರು ಹೆಸರನ್ನು ಎರಡು ಸಲ ಕೇಳಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.