ಎಕ್ಸ್‌ಅರೇ: ಕತ್ತರಿಸೋಕೆ ಸೈ, ಬಣ್ಣ ಹಚ್ಚುವಾಗ ಹುಷಾರು

ದಿನ, ಅಕ್ಷಾಂಶ, ರೇಖಾಂಶ ಮೂರೂ ಇರುವ ಮಳೆ ಗ್ರಿಡ್ಡನ್ನು (ನಕ್ಷೆಯ ಚೌಕಕ್ಕೊಂದು ಮಳೆ ಅಂಕಿ) ಬರೀ ನಮ್‌ಪೈನಲ್ಲಿ (ಪೈಥಾನ್‌ನ ಅಂಕಿಪಟ್ಟಿ ಲೈಬ್ರರಿ) ಹಿಡಿದರೆ ಬೀದರ್ ಎಷ್ಟನೇ ಸಾಲು ಅಂತ ಎಣಿಸುತ್ತ ಕೂರಬೇಕು. ಎಕ್ಸ್‌ಅರೇಯಲ್ಲಿ ಅಕ್ಷಾಂಶವನ್ನೇ ಹೇಳಿ ಕತ್ತರಿಸಬಹುದು. ಪುಕ್ಕಟೆ ಸಿಗುವ ಈ ಪೈಥಾನ್ ಲೈಬ್ರರಿಯ ದೊಡ್ಡ ಗುಣವೇ ಇದು.

ಹವಾಮಾನ ಇಲಾಖೆಯ ದೈನಂದಿನ ಮಳೆ ಗ್ರಿಡ್ 0.25 ಡಿಗ್ರಿಯದು, 129 ಅಕ್ಷಾಂಶ, 135 ರೇಖಾಂಶ. 1991ರಿಂದ 2020ರವರೆಗೆ 10,958 ದಿನ, ಫ್ಲೋಟ್ 32ರಲ್ಲಿ (ಅಂಕಿಗೆ 4 ಬೈಟ್) ಸುಮಾರು 763 ಎಂಬಿ. ಕಲಬುರಗಿ, ಬೀದರ್, ಯಾದಗಿರಿಗೆ ಬೇಕಾದದ್ದು 16ರಿಂದ 18.5 ಉತ್ತರ, 76ರಿಂದ 77.75 ಪೂರ್ವ. ಅಂದರೆ 11×8, ಒಟ್ಟು 88 ಬಿಂದು; 4 ಎಂಬಿಯೂ ಆಗದು. ಮೊದಲು ಕತ್ತರಿಸಿ, ಆಮೇಲೆ ಲೆಕ್ಕ ಹಾಕಿ. ಇಷ್ಟಕ್ಕೆ ಡಾಸ್ಕ್ (ದೊಡ್ಡ ದತ್ತಾಂಶವನ್ನು ತುಂಡು ಮಾಡಿ ಲೆಕ್ಕ ಹಾಕುವ ಲೈಬ್ರರಿ) ಹೇರುವುದು ದಂಡ.

ಇಡೀ ದೇಶದ ಗ್ರಿಡ್ ಆದರೆ ಮಾತು ಬೇರೆ. ಡಾಸ್ಕ್‌ನಲ್ಲಿ ದಿನಕ್ಕೊಂದು ಚಂಕ್ (ತುಂಡು) ಮಾಡಿದರೆ ಹತ್ತು ಸಾವಿರಕ್ಕೂ ಮಿಕ್ಕಿ ಚೂರು. ಲೆಕ್ಕಕ್ಕಿಂತ ಅವುಗಳ ಪಾಳಿ ಹಚ್ಚೋದರಲ್ಲೇ ಹೊತ್ತು ಹೋಗುತ್ತದೆ. ಪ್ರತಿ ಬಿಂದುವಿನ 30 ವರ್ಷದ ಕ್ವಾಂಟೈಲ್ (ಇಂತಿಷ್ಟು ಪಾಲು ದಿನಗಳ ಮಳೆ ಯಾವ ಮಟ್ಟದೊಳಗೆ ಎಂಬ ಗಡಿ) ಬೇಕಿದ್ದರೆ ಕಾಲದ ಅಕ್ಷ ತುಂಡಾಗಿರಬಾರದು, ಆಗಿದ್ದರೆ ಎರರ್. ಕಾಲಕ್ಕೆ ಮೈನಸ್ ಒಂದು (ತುಂಡು ಮಾಡಬೇಡ ಎಂದರ್ಥ), ಅಕ್ಷಾಂಶಕ್ಕೆ 43, ರೇಖಾಂಶಕ್ಕೆ 45 ಕೊಡಿ: ಸಮನಾದ ಒಂಬತ್ತು ಚಂಕ್, ತಲಾ 85 ಎಂಬಿ.

ಎರರ್ ಬಂದರೆ ವಾಸಿ, ಬಾರದಿರುವ ಕಡೆಯೇ ಕಷ್ಟ. ಯುರೋಪಿನ ಹವಾಮಾನ ದತ್ತಾಂಶವಾದ ಇಆರ್‌ಎ5ನಲ್ಲಿ ಅಕ್ಷಾಂಶ ಉತ್ತರದಿಂದ ಇಳಿಯುತ್ತದೆ. ಅಲ್ಲಿ 16ರಿಂದ 18.5 ಅಂತ ಸ್ಲೈಸ್ ಕೊಟ್ಟರೆ ಸದ್ದಿಲ್ಲದೆ ಖಾಲಿ ಅರೇ ಬರುತ್ತದೆ. ಮೊದಲು ಸಾರ್ಟ್‌ಬೈ ಮಾಡಿ, ಅಕ್ಷಾಂಶ ಏರಿಕೆಯ ಕ್ರಮಕ್ಕೆ ಬರಲಿ. ಗ್ರಿಡ್ಡನ್ನು ದೊಡ್ಡ ಚೌಕಗಳಾಗಿಸುವ ಕೋರ್ಸನ್‌ನಲ್ಲಿ ಎರಡೆರಡು ಸಾಲು ಕೂಡಿಸಹೋದರೆ ನಮ್ಮ 11 ಸಾಲು ಸರಿಯಾಗಿ ಭಾಗವಾಗದೆ ನಿಲ್ಲುತ್ತದೆ. ಟ್ರಿಮ್ (ಮಿಕ್ಕದ್ದನ್ನು ಕತ್ತರಿಸು) ಕೊಟ್ಟರೆ ಓಡುತ್ತದೆ, ಆದರೆ ತುದಿಯ 18.5ರ ಸಾಲು, ಅಂದರೆ ಬೀದರ್‌ನ ಉತ್ತರದ ಅಂಚು, ಬಿದ್ದೇ ಹೋಗುತ್ತದೆ. ಪ್ಯಾಡ್ ಹಾಕಿ, ಕೊರತೆಯನ್ನು ಖಾಲಿ ಸಾಲು ತುಂಬುತ್ತದೆ. ಇಲಾಖೆಯ ಬೈನರಿ ಕಡತದಲ್ಲಿ ದತ್ತಾಂಶ ಇಲ್ಲದೆಡೆ ಮೈನಸ್ 999 ಇರುತ್ತದೆ. ದೇಶದ ಸರಾಸರಿಗೆ ಮೊದಲು ಅದನ್ನು ಎಕ್ಸ್‌ಅರೇಯ ವೇರ್‌ನಿಂದ ಮರೆಮಾಡದಿದ್ದರೆ ಮಳೆ ಸೊನ್ನೆಗಿಂತ ಕೆಳಗಿಳಿದೀತು.

ನಕ್ಷೆಗೆ ಚೌಕಕ್ಕೊಂದು ಬಣ್ಣ ತುಂಬುವ ಪಿಕಲರ್‌ಮೆಶ್ ಸಾಕು. ಸಮರೇಖೆಗಳ ನಡುವೆ ಬಣ್ಣ ತುಂಬುವ ಕಾಂಟೂರ್‌ಎಫ್ ನುಣುಪಾಗಿ ಕಾಣುತ್ತದೆ, ಆದರೆ ಇಲ್ಲದ ವಿವರ ಇದೆ ಅನ್ನಿಸುತ್ತದೆ. ಇಲ್ಲಿ ಒಂದು ಚೌಕ ಸುಮಾರು 27.8×26.5 ಕಿ.ಮೀ.; 5,448 ಚದರ ಕಿ.ಮೀ. ಬೀದರ್ ಜಿಲ್ಲೆಗೆ ಸಿಗೋದು ಏಳೂವರೆ ಚೌಕದಷ್ಟು ಜಾಗ. ಹಾಗಾಗಿ ಜಿಲ್ಲಾ ಸರಾಸರಿಗೆ ಗಡಿಯ ಚೌಕಗಳನ್ನು ಇಡಿಯಾಗಿ ಸೇರಿಸಬೇಡಿ, ಬಿಡಲೂ ಬೇಡಿ. ಒಳಗೆ ಬಿದ್ದ ಪಾಲಿನಷ್ಟು ತೂಕ ಕೊಡಿ. ತೊಗರಿ ಹಂಗಾಮಿನ ತಿಂಗಳುಗಳನ್ನು ಹೋಲಿಸುವಾಗ ಒಂದೊಂದೇ ಚಿತ್ರ ಬಿಡಿಸಿದರೆ ಬಣ್ಣದ ಅಳತೆ ಪ್ರತಿ ಸಲ ಬದಲಾಗಿ, ಒಣ ಜೂನ್ ಕೂಡ ಕಡುನೀಲಿ ಆಗುತ್ತದೆ. ಎಲ್ಲ ತಿಂಗಳನ್ನೂ ಒಟ್ಟಿಗೆ ಬಿಡಿಸುವ ಫ್ಯಾಸೆಟ್‌ನಲ್ಲಿ ಎಲ್ಲಕ್ಕೂ ಒಂದೇ ಅಳತೆ.

ಕನ್ನಡ ಶೀರ್ಷಿಕೆ ಮಾತ್ರ ತಲೆನೋವು. ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನ ಮೂಲ ಫಾಂಟಿನಲ್ಲಿ ಬರೀ ಡಬ್ಬಿಗಳು. ನೋಟೋ ಸ್ಯಾನ್ಸ್ ಕನ್ನಡ ಹಾಕಿದರೂ ‘ಸೆಪ್ಟೆಂಬರ್’ನ ಒತ್ತು ಬಿಡಿಬಿಡಿ ಆಗಬಹುದು. ಶೀರ್ಷಿಕೆ ಇಲ್ಲದೆ ಎಸ್‌ವಿಜಿಯಾಗಿ (ಆಮೇಲೆ ತಿದ್ದಬಹುದಾದ ಚಿತ್ರ ಕಡತ) ಉಳಿಸಿ, ಅಕ್ಷರಗಳನ್ನು ಚಿತ್ರ ತಿದ್ದುವ ಇಂಕ್‌ಸ್ಕೇಪ್‌ನಲ್ಲಿ ಕೂರಿಸಿ.